ಹತ್ತರಲ್ಲೊಬ್ಬ ಪಟ್ಟಣಕ್ಕೆ, ಒಂಬತ್ತು ಮಂದಿ ಹಳ್ಳಿಯಲ್ಲಿ

ಗೋಡೆ ಎದ್ದಿತ್ತು, ಬಾಗಿಲುಗಳು ನಿಂತಿದ್ದವು, ಕಾವಲುಗಾರರ ನೇಮಕವೂ ಆಗಿತ್ತು. ಆದರೆ ಒಳಗೆ ವಾಸಿಸಲು ಜನರೇ ಇರಲಿಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದ ಜೆರುಸಲೇಮ್ ಪಟ್ಟಣದ ಸ್ಥಿತಿಯನ್ನು ಹೀಬ್ರೂ ಧರ್ಮಗ್ರಂಥದ 'ನೆಹೆಮೀಯ' ಎಂಬ ಭಾಗ ಹೀಗೆ ಚಿತ್ರಿಸುತ್ತದೆ. ಪಟ್ಟಣ ವಿಶಾಲವಾಗಿತ್ತು, ನಿವಾಸಿಗಳು ಕೆಲವರೇ, ಮನೆಗಳಿನ್ನೂ ಎದ್ದಿರಲಿಲ್ಲ. ಈ ಬರಿದಾದ ಊರನ್ನು ತುಂಬಿಸಲು ಆ ಜನ ಕಂಡುಕೊಂಡ ಉಪಾಯ ಸರಳವಾದದ್ದು, ಆದರೆ ಕಠಿಣವಾದದ್ದು. ಸುತ್ತಲ ಹಳ್ಳಿಗಳಲ್ಲಿದ್ದವರು ಚೀಟು ಹಾಕಿದರು. ಹತ್ತು ಮಂದಿಯಲ್ಲಿ ಒಬ್ಬ ಗಂಟುಮೂಟೆ ಕಟ್ಟಿಕೊಂಡು ಪಟ್ಟಣ ಸೇರಬೇಕು. ಉಳಿದ ಒಂಬತ್ತು ಮಂದಿ ತಮ್ಮ ತಮ್ಮ ಊರುಗಳಲ್ಲೇ ಇರಬಹುದು.

ಈ ಸಂಗತಿ ಬರುವುದು ಆ ಗ್ರಂಥದ ಹನ್ನೊಂದನೆಯ ಅಧ್ಯಾಯದಲ್ಲಿ. ಮೊದಲ ಎರಡು ವಚನಗಳಲ್ಲಿ ಕಥೆ ಮುಗಿದೇ ಹೋಗುತ್ತದೆ. ಅನಂತರದ್ದು ಬರೀ ಪಟ್ಟಿ. ಯಾವ ವಂಶದವರು ಎಷ್ಟು ಮಂದಿ, ಯಾರ ಮಗ ಯಾರು, ಯಾರು ಯಾವ ಕೆಲಸದ ಮೇಲ್ವಿಚಾರಕ, ಯಾವ ಯಾವ ಹಳ್ಳಿಗಳಲ್ಲಿ ಯಾರು ಉಳಿದರು ಎಂಬ ವಿವರಗಳು. ಇಂಥ ಭಾಗವನ್ನು ಹಿಡಿದು ಭಾನುವಾರದ ಸಭೆಯ ಮುಂದೆ ಪ್ರಸಂಗ ಮಾಡಬೇಕಾದ ಸಭಾಪಾಲಕನ ಪಾಡೇನು? ಕನ್ನಡಿಗರಿಗೆ 'ಪ್ರಸಂಗ' ಎಂದೊಡನೆ ಯಕ್ಷಗಾನ ನೆನಪಾಗುವುದು ಸಹಜ. ಆದರೆ ಕನ್ನಡ ಕ್ರೈಸ್ತರ ಬಳಕೆಯಲ್ಲಿ ಆ ಪದಕ್ಕೆ ಧರ್ಮಗ್ರಂಥದ ಒಂದು ಭಾಗವನ್ನು ವಿವರಿಸಿ, ಕೇಳುವವರ ಬಾಳಿಗೆ ಅನ್ವಯಿಸಿ ಹೇಳುವ ಉಪದೇಶ ಎಂಬ ಅರ್ಥವಿದೆ. ಹೆಸರುಗಳ ಒಂದು ಪಟ್ಟಿಯಿಂದ ಅಂಥ ಉಪದೇಶ ಹುಟ್ಟುವ ಬಗೆಯನ್ನು ನೋಡಿದರೆ, ಹಳೆಯ ಗ್ರಂಥವೊಂದನ್ನು ಪ್ರಾಮಾಣಿಕವಾಗಿ ಓದುವುದೆಂದರೆ ಏನೆಂಬುದೂ ತಿಳಿಯುತ್ತದೆ.

ಯಾರೂ ಓದದ ಅಧ್ಯಾಯ

ಈ ಅಧ್ಯಾಯ ಪ್ರಾರ್ಥನಾ ಸಭೆಗಳಲ್ಲಿ ಕಿವಿಗೆ ಬೀಳುವುದೇ ಅಪರೂಪ. ಯಹೂದಿಗಳ ಸಭಾಮಂದಿರದಲ್ಲಿ ಸಬ್ಬತ್ ದಿನ ಮೋಶೆಯ ಧರ್ಮಶಾಸ್ತ್ರದ ಜೊತೆಗೆ ಪ್ರವಾದಿಗಳ ಗ್ರಂಥಗಳಿಂದ ಒಂದು ಭಾಗವನ್ನು ಓದುವ ಪದ್ಧತಿಯಿದೆ. ನೆಹೆಮೀಯನ ಗ್ರಂಥ ಆ ಗುಂಪಿಗೆ ಸೇರದೆ 'ಬರಹಗಳು' ಎಂಬ ಮೂರನೆಯ ಗುಂಪಿನಲ್ಲಿರುವುದರಿಂದ ಅಲ್ಲಿ ಅದಕ್ಕೆ ಸರದಿಯಿಲ್ಲ. ಅನೇಕ ಪ್ರೊಟೆಸ್ಟೆಂಟ್ ಸಭೆಗಳು 1992ರಿಂದ ಬಳಸುತ್ತಿರುವ ಮೂರು ವರ್ಷಗಳ ಪಾಠಕ್ರಮದಲ್ಲೂ ಈ ಗ್ರಂಥದಿಂದ ಭಾನುವಾರಕ್ಕೆ ಆರಿಸಿಕೊಂಡಿರುವುದು ಎಂಟನೆಯ ಅಧ್ಯಾಯದ ಭಾಗವನ್ನೇ ಹೊರತು ಹನ್ನೊಂದನೆಯದನ್ನಲ್ಲ.

ಹೀಗಾಗಿ ಈ ಅಧ್ಯಾಯ ಎದುರಾಗುವುದು ಗ್ರಂಥವೊಂದನ್ನು ಮೊದಲಿನಿಂದ ಕೊನೆಯವರೆಗೆ, ಏನನ್ನೂ ಬಿಡದೆ ವಿವರಿಸಿಕೊಂಡು ಹೋಗುವ ಉಪದೇಶಕನಿಗೆ. ಈ ಕ್ರಮಕ್ಕೆ ದೀರ್ಘ ಪರಂಪರೆಯಿದೆ. 1519ರ ಜನವರಿ ಒಂದರಂದು ಜೂರಿಕ್ ನಗರದಲ್ಲಿ ಜ್ವಿಂಗ್ಲಿ ಗೊತ್ತುಪಡಿಸಿದ ಪಾಠಗಳನ್ನು ಬದಿಗಿಟ್ಟು ಮತ್ತಾಯನ ಸುವಾರ್ತೆಯನ್ನು ಮೊದಲಿನಿಂದ ವಿವರಿಸತೊಡಗಿದ. ಜಿನೀವಾದಿಂದ 1538ರಲ್ಲಿ ಗಡೀಪಾರಾದ ಕ್ಯಾಲ್ವಿನ್ 1541ರಲ್ಲಿ ಹಿಂದಿರುಗಿದಾಗ, ತನ್ನನ್ನು ಅಟ್ಟಿದವರ ಬಗ್ಗೆ ಒಂದು ಮಾತೂ ಆಡದೆ, ಹಿಂದೆ ನಿಲ್ಲಿಸಿದ್ದ ಜಾಗದಿಂದಲೇ ವಿವರಣೆಯನ್ನು ಮುಂದುವರಿಸಿದನಂತೆ. ಈ ಕ್ರಮದಲ್ಲಿ ಒಂದು ಶಿಸ್ತಿದೆ. ಹಿಡಿಸಿದ ವಚನವನ್ನು ಹೆಕ್ಕಿಕೊಳ್ಳುವ, ಹಿಡಿಸದ್ದನ್ನು ದಾಟಿಹೋಗುವ ಸ್ವಾತಂತ್ರ್ಯ ಉಪದೇಶಕನಿಗೆ ಇರುವುದಿಲ್ಲ. ಪಟ್ಟಿ ಬಂದರೆ ಪಟ್ಟಿಯನ್ನೇ ಎದುರಿಸಬೇಕು.

ಬರಿದಾದದ್ದು ಹೇಗೆ?

ಸಿದ್ಧತೆಯ ಮೊದಲ ಹೆಜ್ಜೆ ಚರಿತ್ರೆ. ಕ್ರಿ.ಪೂ. 586ರ ಸುಮಾರಿಗೆ ಬ್ಯಾಬಿಲೋನಿನ ನೆಬೂಕದ್ನೆಚ್ಚರನ ಸೈನ್ಯ ಜೆರುಸಲೇಮನ್ನು ಕೆಡವಿ, ದೇವಾಲಯವನ್ನು ಸುಟ್ಟು, ಪ್ರಮುಖರನ್ನು ಸೆರೆಯೊಯ್ದಿತು. 539ರಲ್ಲಿ ಬ್ಯಾಬಿಲೋನ್ ಪರ್ಷಿಯದ ಸೈರಸ್ ದೊರೆಯ ವಶವಾಯಿತು. ಗಡೀಪಾರಾಗಿದ್ದವರಿಗೆ ಹಿಂದಿರುಗಲು ಅನುಮತಿ ಸಿಕ್ಕಿತು. 515ರ ಹೊತ್ತಿಗೆ ಎರಡನೆಯ ದೇವಾಲಯ ಪೂರ್ಣಗೊಂಡಿತು. ಆದರೆ ಊರು ಬೆಳೆಯಲಿಲ್ಲ.

445ರಲ್ಲಿ, ಒಂದನೆಯ ಅರ್ತಕ್ಸೆರ್ಕ್ಸಿಸನ ಆಳ್ವಿಕೆಯ ಇಪ್ಪತ್ತನೆಯ ವರ್ಷದಲ್ಲಿ, ಶೂಷನ್ ಅರಮನೆಯಲ್ಲಿ ದೊರೆಗೆ ದ್ರಾಕ್ಷಾರಸದ ಬಟ್ಟಲು ನೀಡುವ ಅಧಿಕಾರಿಯಾಗಿದ್ದ ನೆಹೆಮೀಯ ಅನುಮತಿ ಪಡೆದು ತನ್ನ ಪೂರ್ವಿಕರ ಊರಿಗೆ ಬಂದ. ರಾತ್ರಿ ವೇಳೆ ಗುಟ್ಟಾಗಿ ಕೋಟೆಯ ಸುತ್ತ ತಿರುಗಿ ಹಾಳಾದ ಗೋಡೆಯನ್ನು ಪರೀಕ್ಷಿಸಿದ. ಸಮಾರ್ಯದ ಸನ್ಬಲ್ಲಟ ಮೊದಲಾದವರ ವಿರೋಧದ ನಡುವೆಯೇ 52 ದಿನಗಳಲ್ಲಿ ಗೋಡೆ ಮುಗಿಯಿತೆಂದು ಗ್ರಂಥ ಹೇಳುತ್ತದೆ. ಮೊದಲನೆಯ ಶತಮಾನದ ಯಹೂದಿ ಇತಿಹಾಸಕಾರ ಜೋಸೆಫಸ್ ಮಾತ್ರ ಇದಕ್ಕೆ ಎರಡು ವರ್ಷ ನಾಲ್ಕು ತಿಂಗಳು ಹಿಡಿಯಿತೆಂದು ಬರೆಯುತ್ತಾನೆ.

ಇಲ್ಲಿ ಕೇಳಬೇಕಾದ ಪ್ರಶ್ನೆ, ಜನ ಪಟ್ಟಣಕ್ಕೆ ಬರಲು ಏಕೆ ಹಿಂಜರಿದರು ಎಂಬುದು. ಪಟ್ಟಣ ಕೆಟ್ಟು 140 ವರ್ಷಗಳಾಗಿದ್ದವು. ಅಂದರೆ ಐದಾರು ತಲೆಮಾರುಗಳು ಹಳ್ಳಿಗಳಲ್ಲೇ ಹುಟ್ಟಿ, ಅಲ್ಲೇ ಮಣ್ಣಾಗಿದ್ದವು. ಹೊಲ, ದ್ರಾಕ್ಷಿತೋಟ, ಎಣ್ಣೆಮರ ಎಲ್ಲವೂ ಅಲ್ಲಿ. ಪಟ್ಟಣದಲ್ಲಿ ಇದ್ದದ್ದು ಕಲ್ಲಿನ ರಾಶಿ, ಕಾವಲಿನ ಸರದಿ ಮತ್ತು ಶತ್ರುವಿನ ಕಣ್ಣು. ಐದನೆಯ ಅಧ್ಯಾಯ ಇನ್ನೊಂದು ಕಾರಣವನ್ನೂ ಒದಗಿಸುತ್ತದೆ. ಬರ ಮತ್ತು ರಾಜಕಂದಾಯದ ಹೊಡೆತಕ್ಕೆ ಸಿಕ್ಕಿದ ರೈತರು ಹೊಲಮನೆಗಳನ್ನು ಅಡವಿಟ್ಟು, ಕೊನೆಗೆ ಮಕ್ಕಳನ್ನೇ ಜೀತಕ್ಕೆ ಬಿಟ್ಟಿದ್ದರು. ಸಾಲ ಕೊಟ್ಟವರು ಅವರದೇ ಕುಲದ ಶ್ರೀಮಂತರು. ನೆಹೆಮೀಯ ಅವರನ್ನು ಸಭೆಗೆ ಕರೆದು, ವಶಪಡಿಸಿಕೊಂಡದ್ದನ್ನು ಹಿಂದಿರುಗಿಸುವುದಾಗಿ ಪ್ರಮಾಣ ಮಾಡಿಸಿದ. ಆಗತಾನೇ ಕೈಗೆ ಬಂದ ಹೊಲವನ್ನು ಬಿಟ್ಟು ಪಟ್ಟಣಕ್ಕೆ ಹೋಗೆಂದರೆ ಯಾವ ರೈತನಿಗೆ ಮನಸ್ಸು ಬಂದೀತು?

ಮಾತಿನ ಒಳಗೆ

ಎರಡನೆಯ ಹೆಜ್ಜೆ, ಮೂಲದ ಮಾತುಗಳನ್ನು ನಿಧಾನವಾಗಿ ಓದುವುದು. ಈ ಎರಡು ವಚನಗಳಲ್ಲಿ ಮೂರು ಮಾತುಗಳು ಮುಖ್ಯ.

ಮೊದಲನೆಯದು 'ಚೀಟು', ಹೀಬ್ರೂವಿನಲ್ಲಿ 'ಗೋರಾಲ್'. ಇಸ್ರೇಲ್ ಕುಲಗಳು ಕಾನಾನ್ ನಾಡಿಗೆ ಬಂದಾಗ ಯೆಹೋಶುವನ ಕಾಲದಲ್ಲಿ ಭೂಮಿಯನ್ನು ಹಂಚಿದ್ದು ಚೀಟಿನಿಂದಲೇ ಎಂದು ಗ್ರಂಥ ಹೇಳುತ್ತದೆ. ಚೀಟು ಬೀಳುವುದು ದೈವನಿರ್ಣಯದಿಂದ ಎಂಬುದು ಅವರ ನಂಬಿಕೆ. ಅಂದು ಚೀಟು ಭೂಮಿಯನ್ನು ಕೊಟ್ಟಿತ್ತು. ಇಂದು ಅದೇ ಚೀಟು ಭೂಮಿಯಿಂದ ಎಬ್ಬಿಸುತ್ತಿದೆ. ಆ ಕಥೆಗಳನ್ನು ಕೇಳಿ ಬೆಳೆದವರಿಗೆ ಈ ವ್ಯತ್ಯಾಸ ತಟ್ಟದೆ ಇರಲಾರದು.

ಎರಡನೆಯದು 'ಹತ್ತರಲ್ಲಿ ಒಂದು'. ಇದರ ಹಿಂದಿನ ಅಧ್ಯಾಯದಲ್ಲೇ ಜನರು ಬೆಳೆಯ ಹತ್ತನೆಯ ಒಂದು ಪಾಲನ್ನು, ಅಂದರೆ ದಶಮಾಂಶವನ್ನು, ಲೇವಿಯರಿಗೆ ಸಲ್ಲಿಸುವುದಾಗಿ ಒಪ್ಪಂದ ಬರೆದುಕೊಟ್ಟಿದ್ದಾರೆ. ಧಾನ್ಯದ ದಶಮಾಂಶದ ಬೆನ್ನಿಗೇ ಮನುಷ್ಯರ ದಶಮಾಂಶ ಬರುತ್ತದೆ. ಪಟ್ಟಣವನ್ನು ಇಲ್ಲಿ 'ಪರಿಶುದ್ಧ ಪಟ್ಟಣ' ಎಂದು ಕರೆದಿರುವುದೂ ಇದಕ್ಕೆ ಹೊಂದುತ್ತದೆ.

ಮೂರನೆಯದು ಎಲ್ಲಕ್ಕಿಂತ ತೊಡಕಿನದು. ಪಟ್ಟಣದಲ್ಲಿ ನೆಲೆಸಲು ಸ್ವ-ಇಚ್ಛೆಯಿಂದ ಮುಂದೆ ಬಂದವರನ್ನು ಜನ ಹರಸಿದರು ಎಂದು ಎರಡನೆಯ ವಚನ ತಿಳಿಸುತ್ತದೆ. ಇಲ್ಲಿನ ಕ್ರಿಯಾಪದ ದೇವಾಲಯಕ್ಕೆ ಮನಸಾರೆ ಕಾಣಿಕೆ ಕೊಡುವುದಕ್ಕೂ, ಯುದ್ಧಕ್ಕೆ ತಾವಾಗಿ ಮುಂದೆ ಬರುವುದಕ್ಕೂ ಬಳಸುವ ಪದ. ಇಂದಿನ ಹೀಬ್ರೂವಿನಲ್ಲಿ ಸ್ವಯಂಸೇವಕನನ್ನು ಕರೆಯುವುದೂ ಇದೇ ಧಾತುವಿನ ಪದದಿಂದ. ಹಾಗಾದರೆ ಇವರು ಯಾರು? ಚೀಟು ಬಿದ್ದವರಲ್ಲದೆ ಬೇರೆ ಕೆಲವರು ತಾವಾಗಿ ಬಂದರೆಂದು ಕೆಲವು ವ್ಯಾಖ್ಯಾನಕಾರರ ಅಭಿಪ್ರಾಯ. ಚೀಟು ಬಿದ್ದವರೇ ಮನಸಾರೆ ಒಪ್ಪಿಕೊಂಡರೆಂದು ಇನ್ನು ಕೆಲವರ ಅಭಿಪ್ರಾಯ. ಮೂಲ ಎರಡಕ್ಕೂ ಎಡೆಗೊಡುತ್ತದೆ. ಉಪದೇಶಕನ ಪ್ರಾಮಾಣಿಕತೆಗೆ ಪರೀಕ್ಷೆ ಇಲ್ಲಿಯೇ. ಮೊದಲನೆಯ ಅರ್ಥ ಹಿಡಿದರೆ ಪ್ರಸಂಗ ತ್ಯಾಗದ ಕರೆಯಾಗುತ್ತದೆ. ಎರಡನೆಯದನ್ನು ಹಿಡಿದರೆ, ತಾನು ಆರಿಸದ ಪಾಲನ್ನು ತನ್ನದಾಗಿಸಿಕೊಳ್ಳುವ ಮಾತಾಗುತ್ತದೆ. ಒಂದನ್ನು ಆಯ್ದುಕೊಳ್ಳುವ ಹಕ್ಕು ಅವನಿಗುಂಟು. ಇನ್ನೊಂದು ಇಲ್ಲವೇ ಇಲ್ಲವೆನ್ನುವ ಹಕ್ಕಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಚೀಟು ಹಾಕಿಸಿದವನು ನೆಹೆಮೀಯನೆಂದು ಈ ಅಧ್ಯಾಯ ಎಲ್ಲಿಯೂ ಹೇಳುವುದಿಲ್ಲ. ಗ್ರಂಥದ ಮೊದಲ ಭಾಗ 'ನಾನು' ಎಂದು ನೆಹೆಮೀಯನೇ ಹೇಳಿಕೊಳ್ಳುವ ಆತ್ಮಕಥನ. ಏಳನೆಯ ಅಧ್ಯಾಯದ ಆರಂಭದಲ್ಲಿ ಆ ಧ್ವನಿ ನಿಂತುಹೋಗಿ, ಹನ್ನೆರಡನೆಯ ಅಧ್ಯಾಯದಲ್ಲಿ ಗೋಡೆಯ ಪ್ರತಿಷ್ಠೆಯ ಹೊತ್ತಿಗೆ ಮತ್ತೆ ಕೇಳಿಸುತ್ತದೆ. ನಡುವಿನ ಈ ಭಾಗದಲ್ಲಿ ಮುಖಂಡರು ಪಟ್ಟಣದಲ್ಲಿ ವಾಸಿಸಿದರು, ಉಳಿದ ಜನ ಚೀಟು ಹಾಕಿದರು ಎಂದಷ್ಟೇ ಇದೆ. ಜೋಸೆಫಸ್ ಮಾತ್ರ ನೆಹೆಮೀಯನೇ ಯಾಜಕರನ್ನೂ ಲೇವಿಯರನ್ನೂ ಪಟ್ಟಣಕ್ಕೆ ಬರುವಂತೆ ಒತ್ತಾಯಿಸಿ, ಸ್ವಂತ ಖರ್ಚಿನಲ್ಲಿ ಅವರಿಗೆ ಮನೆ ಕಟ್ಟಿಸಿಕೊಟ್ಟನೆಂದು ಸೇರಿಸುತ್ತಾನೆ. 'ಧೀಮಂತ ನಾಯಕನ ಆಜ್ಞೆ' ಎಂದು ಪ್ರಸಂಗ ಹೆಣೆಯುವವರು ಈ ಮೌನವನ್ನು ಗಮನಿಸಬೇಕು.

ಲೆಕ್ಕ ಹೇಳುವ ಕಥೆ

ಮೂರನೆಯ ಹೆಜ್ಜೆ ಪಟ್ಟಿಯನ್ನು ಕೂಡಿಸಿ ನೋಡುವುದು. ಯೂದ ಕುಲದ ಪೆರೆಚನ ವಂಶದವರು 468, ಬೆನ್ಯಾಮೀನ್ ಕುಲದವರು 928, ಯಾಜಕರು ಮೂರು ಗುಂಪುಗಳಲ್ಲಿ 822, 242 ಮತ್ತು 128, ಲೇವಿಯರು 284, ದ್ವಾರಪಾಲಕರು 172. ಒಟ್ಟು 3,044 ಗಂಡಸರು. ಹೆಂಗಸರೂ ಮಕ್ಕಳೂ ಈ ಎಣಿಕೆಯಲ್ಲಿಲ್ಲ. ಬೆನ್ಯಾಮೀನರ ಸಂಖ್ಯೆ ಯೂದದವರ ಸುಮಾರು ಎರಡರಷ್ಟಿರುವುದು ಗಮನಾರ್ಹ. ಬ್ಯಾಬಿಲೋನಿನ ದಾಳಿಯಲ್ಲಿ ಜೆರುಸಲೇಮಿನ ಉತ್ತರದ ಬೆನ್ಯಾಮೀನ್ ಸೀಮೆಗೆ ಅಷ್ಟು ಹಾನಿಯಾಗಲಿಲ್ಲ, ಆಡಳಿತ ಕೇಂದ್ರವೂ ಅಲ್ಲಿಯ ಮಿಚ್ಪಕ್ಕೆ ಸ್ಥಳಾಂತರವಾಯಿತು ಎಂಬುದನ್ನು ನೆನೆದರೆ ಇದಕ್ಕೆ ಅರ್ಥ ಹೊಳೆಯುತ್ತದೆ.

ಆದರೆ 'ಪೂರ್ವಕಾಲವೃತ್ತಾಂತ' ಎಂಬ ಇನ್ನೊಂದು ಗ್ರಂಥದಲ್ಲಿ ಇದೇ ಪಟ್ಟಿ ಬೇರೆ ಅಂಕಿಗಳೊಂದಿಗೆ ಸಿಗುತ್ತದೆ. ಅಲ್ಲಿ ಯೂದದವರು 690, ಬೆನ್ಯಾಮೀನರು 956, ಯಾಜಕರು 1,760, ದ್ವಾರಪಾಲಕರು 212. ಪ್ರಾಚೀನ ಗ್ರೀಕ್ ಅನುವಾದದಲ್ಲಿ ನೆಹೆಮೀಯನ ಪಟ್ಟಿ ಹೀಬ್ರೂ ಪಾಠಕ್ಕಿಂತ ಚಿಕ್ಕದು. ಪಟ್ಟಿ ಕೈಯಿಂದ ಕೈಗೆ ದಾಟುತ್ತ ಬೆಳೆದಿದೆ, ಬದಲಾಗಿದೆ ಎಂಬುದು ಸ್ಪಷ್ಟ.

ಪುರಾತತ್ವ ಶೋಧನೆ ಇನ್ನಷ್ಟು ಎಚ್ಚರಿಕೆ ಕಲಿಸುತ್ತದೆ. ಪರ್ಷಿಯನ್ ಕಾಲದ ಜೆರುಸಲೇಮ್ ಬಹು ಚಿಕ್ಕ ಊರಾಗಿತ್ತೆಂಬುದು ಇಂದಿನ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಇಸ್ರೇಲ್ ಫಿಂಕೆಲ್‌ಸ್ಟೈನ್ ಅವರ ಅಂದಾಜಿನಂತೆ ಅಲ್ಲಿದ್ದವರು ಕೆಲವು ನೂರು ಜನ ಮಾತ್ರ. ಓಡೆಡ್ ಲಿಪ್‌ಶಿಟ್ಸ್ ಸಾವಿರಕ್ಕೂ ಮೇಲೆ ಎನ್ನುತ್ತಾರೆ. ನೆಹೆಮೀಯನ ಗೋಡೆಯ ಒಂದು ಭಾಗ ಸಿಕ್ಕಿತೆಂದು ಪುರಾತತ್ವಜ್ಞೆ ಎಯ್ಲಾತ್ ಮಜಾರ್ 2007ರಲ್ಲಿ ಪ್ರಕಟಿಸಿದರೂ ಆ ಕಾಲನಿರ್ಣಯವನ್ನು ಎಲ್ಲರೂ ಒಪ್ಪಿಲ್ಲ. ಜೆರುಸಲೇಮಿನ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ದೂರದ ರಾಮತ್ ರಾಹೆಲ್‌ನಲ್ಲಿ 'ಯೆಹೂದ್' ಎಂಬ ಪ್ರಾಂತದ ಹೆಸರಿನ ಮುದ್ರೆಯೊತ್ತಿದ ಹೂಜಿಗಳ ಹಿಡಿಕೆಗಳು ಹೇರಳವಾಗಿ ಸಿಕ್ಕಿವೆ. ತೆರಿಗೆಯ ಸಂಗ್ರಹ ಅಲ್ಲಿ ನಡೆಯುತ್ತಿತ್ತೆಂಬುದನ್ನು ಇದು ಸೂಚಿಸುತ್ತದೆ.

ಹಾಗೆಂದು ಕಥೆಯೆಲ್ಲ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ಈಜಿಪ್ಟಿನ ನೈಲ್ ನದಿಯ ಎಲಿಫೆಂಟೈನ್ ದ್ವೀಪದಲ್ಲಿದ್ದ ಯಹೂದಿಗಳು ಕ್ರಿ.ಪೂ. 407ರಲ್ಲಿ ಯೆಹೂದ್ ಪ್ರಾಂತಾಧಿಪತಿಗೆ ಬರೆದ ಪತ್ರದ ಪ್ರತಿಗಳು ಸಿಕ್ಕಿವೆ. ಸಮಾರ್ಯದ ಅಧಿಪತಿ ಸನ್ಬಲ್ಲಟನ ಇಬ್ಬರು ಮಕ್ಕಳ ಹೆಸರು ಅದರಲ್ಲಿದೆ. ನೆಹೆಮೀಯನ ವಿರೋಧಿ ಕಾಗದದ ಮೇಲಿನ ಪಾತ್ರವಲ್ಲ, ನಿಜವಾಗಿ ಬದುಕಿದ್ದ ಅಧಿಕಾರಿ. ಪಟ್ಟಣ ಬರಿದಾಗಿತ್ತು, ಅದನ್ನು ತುಂಬಿಸುವುದು ಕಷ್ಟವಾಗಿತ್ತು ಎಂಬ ಗ್ರಂಥದ ಮಾತನ್ನು ಪುರಾತತ್ವವೂ ತನ್ನ ರೀತಿಯಲ್ಲಿ ಪುಷ್ಟೀಕರಿಸುತ್ತದೆ. ಅಂಕಿಗಳ ವಿಚಾರದಲ್ಲಷ್ಟೇ ಜಗಳ.

ಜಾರುವ ಮೆಟ್ಟಿಲುಗಳು

ಈ ಭಾಗವನ್ನು ಪ್ರಸಂಗಕ್ಕೆ ಎತ್ತಿಕೊಂಡವರು ಹಿಂದೆ ನಡೆದ ದಾರಿಗಳು ಹಲವು. ಎಂಟನೆಯ ಶತಮಾನದ ಇಂಗ್ಲೆಂಡಿನ ಸನ್ಯಾಸಿ ಬೀಡ್ ಎಜ್ರ ಮತ್ತು ನೆಹೆಮೀಯ ಗ್ರಂಥಗಳಿಗೆ ಪೂರ್ಣ ವ್ಯಾಖ್ಯಾನ ಬರೆದವರಲ್ಲಿ ಮೊದಲಿಗ. ಆತನಿಗೆ ಗೋಡೆ, ಬಾಗಿಲು, ಪಟ್ಟಣ ಎಲ್ಲವೂ ಸಭೆಯ ಮತ್ತು ಆತ್ಮದ ಸಂಕೇತ. ಅಮೆರಿಕದ ಪ್ಯೂರಿಟನ್ ಪಾದ್ರಿ ಕಾಟನ್ ಮ್ಯಾಥರ್ 1702ರಲ್ಲಿ ಪ್ರಕಟವಾದ ತನ್ನ ಬೃಹತ್ ಗ್ರಂಥದಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನ ಗವರ್ನರ್ ಜಾನ್ ವಿಂಥ್ರಾಪ್‌ನನ್ನು 'ಅಮೆರಿಕದ ನೆಹೆಮೀಯ' ಎಂದು ಕೊಂಡಾಡಿದ. ಆ ಹೋಲಿಕೆಯಲ್ಲಿ ಒಂದು ವಿಷಯ ಮರೆಯಾಯಿತು. ವಸಾಹತಿನವರು 'ಬರಿದು' ಎಂದುಕೊಂಡ ನೆಲದಲ್ಲಿ ಮೊದಲೇ ಜನರಿದ್ದರು.

ಇದೇ ಎಚ್ಚರ ಇಂದೂ ಬೇಕು. 1967ರ ಯುದ್ಧದಲ್ಲಿ ಪೂರ್ವ ಜೆರುಸಲೇಮ್ ಇಸ್ರೇಲಿನ ವಶವಾದಂದಿನಿಂದ ಅಲ್ಲಿ ಯಾರು ನೆಲೆಸಬೇಕೆಂಬುದು ಜಗತ್ತಿನ ಅತಿ ಕಹಿಯಾದ ವಿವಾದಗಳಲ್ಲೊಂದು. ನೆಹೆಮೀಯನ ಕಾಲದ ಅವಶೇಷಗಳಿಗಾಗಿ ಉತ್ಖನನ ನಡೆಯುವ ಗುಡ್ಡದ ಮೇಲೆಯೇ ಸಿಲ್ವಾನ್ ಎಂಬ ಬಡಾವಣೆಯಿದೆ, ಪ್ಯಾಲೆಸ್ಟೀನಿ ಕುಟುಂಬಗಳ ಮನೆಗಳಿವೆ. ಎರಡು ಸಾವಿರದ ನಾನೂರು ವರ್ಷಗಳ ಹಿಂದಿನ ಪಟ್ಟಿಯೊಂದನ್ನು ಇಂದಿನ ಜಮೀನಿನ ಹಕ್ಕುಪತ್ರದಂತೆ ಓದಿದರೆ ಪ್ರಸಂಗ ಧರ್ಮೋಪದೇಶವಾಗಿ ಉಳಿಯುವುದಿಲ್ಲ. ಅಧ್ಯಾಯವೇ ನೆನಪಿಸುವಂತೆ ಅಂದಿನ ಆ ಜನ ಸ್ವತಂತ್ರರೂ ಆಗಿರಲಿಲ್ಲ. ದೇವಾಲಯದ ಗಾಯಕರ ದಿನದ ಪಡಿಯೂ ಪರ್ಷಿಯದ ದೊರೆಯ ಅಪ್ಪಣೆಯಿಂದ ನಡೆಯುತ್ತಿತ್ತು.

ಮತ್ತೊಂದು ಜಾರುವ ಮೆಟ್ಟಿಲು ಇನ್ನೂ ಸಾಮಾನ್ಯವಾದದ್ದು. ಗೋಡೆಯ ಅಧ್ಯಾಯಗಳು ಕಟ್ಟಡ ನಿಧಿಗೆ ಹಣ ಕೂಡಿಸಲು ಒದಗಿದಂತೆ, ಈ ಅಧ್ಯಾಯ ಜನರನ್ನು ಕಷ್ಟದ ಕೆಲಸಕ್ಕೆ ಹಚ್ಚಲು ಸುಲಭವಾಗಿ ಒದಗುತ್ತದೆ. 'ಹತ್ತರಲ್ಲೊಬ್ಬರು ಏಳಿ' ಎಂದು ವೇದಿಕೆಯಿಂದ ಕರೆ ಕೊಡುವುದು ಕಷ್ಟವಲ್ಲ. ಎದ್ದವನ ಮುಂದಿನ ಬದುಕಿಗೆ ಯಾರು ಹೊಣೆ?

ಎರಡು ಅಧ್ಯಾಯಗಳ ನಂತರ

ಆ ಪ್ರಶ್ನೆಗೆ ಉತ್ತರ ಗ್ರಂಥದೊಳಗೇ ಇದೆ. ಆದರೆ ಅದನ್ನು ಕಾಣಲು ಎರಡು ಅಧ್ಯಾಯ ಮುಂದೆ ಓದಬೇಕು. ಹನ್ನೆರಡು ವರ್ಷ ಪ್ರಾಂತವನ್ನು ಆಳಿದ ನೆಹೆಮೀಯ ಕ್ರಿ.ಪೂ. 433ರಲ್ಲಿ ದೊರೆಯ ಬಳಿಗೆ ಹಿಂದಿರುಗಿದ. ಕೆಲಕಾಲದ ಮೇಲೆ ಮತ್ತೆ ಜೆರುಸಲೇಮಿಗೆ ಬಂದು ನೋಡಿದರೆ, ದೇವಾಲಯದ ಸೇವೆಗೆ ನಿಂತಿದ್ದ ಲೇವಿಯರೂ ಗಾಯಕರೂ ಪಟ್ಟಣ ಬಿಟ್ಟು ತಮ್ಮ ತಮ್ಮ ಹೊಲಗಳಿಗೆ ಹೊರಟುಹೋಗಿದ್ದರು. ಕಾರಣ ಭಕ್ತಿಯ ಕೊರತೆಯಲ್ಲ. ಅವರಿಗೆ ಸಲ್ಲಬೇಕಾದ ಪಾಲನ್ನು ಜನ ಕೊಟ್ಟಿರಲಿಲ್ಲ. ಒಪ್ಪಂದ ಬರೆದು, ಮುದ್ರೆ ಒತ್ತಿ, ಹರಸಿ ಕಳುಹಿಸಿದವರು ಕಾಳು ಕಳುಹಿಸಲು ಮರೆತಿದ್ದರು. ನೆಹೆಮೀಯ ಗದರಿಸಿದ್ದು ಓಡಿಹೋದ ಲೇವಿಯರನ್ನಲ್ಲ, ಅಧಿಕಾರಿಗಳನ್ನು. ದೇವಾಲಯವನ್ನು ಕೈಬಿಟ್ಟದ್ದೇಕೆಂದು ಅವರನ್ನು ಕೇಳಿ, ಉಗ್ರಾಣಕ್ಕೆ ನಂಬಿಗಸ್ತರನ್ನು ನೇಮಿಸಿ, ದಶಮಾಂಶ ಮತ್ತೆ ಬರುವಂತೆ ಮಾಡಿದ ಮೇಲೆ ಲೇವಿಯರು ತಮ್ಮ ಸ್ಥಾನಗಳಿಗೆ ಮರಳಿದರು.

ಈ ಬೆಳಕಿನಲ್ಲಿ ಹನ್ನೊಂದನೆಯ ಅಧ್ಯಾಯದ ಪಟ್ಟಿ ಬೇರೆಯಾಗಿಯೇ ಕಾಣುತ್ತದೆ. ಅದರ ಮೊದಲ ಭಾಗ ಪಟ್ಟಣಕ್ಕೆ ಹೋದವರದು. ದೇವಾಲಯದ ಒಳಗಿನ ಕೆಲಸದವರು, ಹೊರಗಿನ ಕೆಲಸ ನೋಡಿಕೊಳ್ಳುವವರು, ಸ್ತೋತ್ರ ಆರಂಭಿಸುವವನು, ಬಾಗಿಲು ಕಾಯುವವರು, ಓಫೇಲ್ ಗುಡ್ಡದಲ್ಲಿ ವಾಸಿಸಿದ ದೇವಾಲಯದ ಆಳುಗಳು. ಎರಡನೆಯ ಭಾಗ ಹಳ್ಳಿಗಳ ಹೆಸರುಗಳದು. ಬೇರ್ಷೆಬದಿಂದ ಹಿನ್ನೋಮ್ ಕಣಿವೆಯವರೆಗಿನ ಊರುಗಳನ್ನೂ ಅವುಗಳ ಹೊಲಗದ್ದೆಗಳನ್ನೂ ಬರೆದಿಟ್ಟವನಿಗೆ ಆ ಒಂಬತ್ತು ಮಂದಿ ಲೆಕ್ಕಕ್ಕಿಲ್ಲದವರಾಗಿರಲಿಲ್ಲ. ಪಟ್ಟಣ ಬದುಕುವುದು ಅವರ ಬೆಳೆಯಿಂದ.

ಇಷ್ಟೆಲ್ಲ ಓದಿ ಮುಗಿಸಿದ ಮೇಲೆ ಉಪದೇಶಕನ ಕೈಯಲ್ಲಿ ಉಳಿಯುವುದು ಇಪ್ಪತ್ತು ಮೂವತ್ತು ನಿಮಿಷಗಳ ಕಾಲಾವಕಾಶ. ಕೂಡಿಹಾಕಿದ್ದನ್ನೆಲ್ಲ ಸಭೆಯ ಮುಂದೆ ಸುರಿಯುವುದು ವಿದ್ವತ್ತಿನ ಪ್ರದರ್ಶನವಾದೀತು. ಇದಕ್ಕೂ ಅದೇ ಗ್ರಂಥದಲ್ಲಿ ಮಾದರಿಯಿದೆ. ಎಂಟನೆಯ ಅಧ್ಯಾಯದಲ್ಲಿ ಎಜ್ರನು ನೀರು ಬಾಗಿಲಿನ ಎದುರಿನ ಬಯಲಿನಲ್ಲಿ ಮರದ ವೇದಿಕೆಯ ಮೇಲೆ ನಿಂತು, ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರವನ್ನು ಓದುತ್ತಾನೆ. ಲೇವಿಯರು ಜನರ ನಡುವೆ ಅದರ ಅರ್ಥವನ್ನು ಬಿಡಿಸಿ ಹೇಳುತ್ತಾರೆ, ಕೇಳಿದವರು ಗ್ರಹಿಸುತ್ತಾರೆ. ಓದು, ಅರ್ಥ, ಗ್ರಹಿಕೆ ಎಂಬ ಆ ಮೂರು ಹೆಜ್ಜೆಗಳಿಗಿಂತ ಹೆಚ್ಚಿನ ಸೂತ್ರ ಪ್ರಸಂಗಕಲೆಗೆ ಇಂದಿಗೂ ಇಲ್ಲ. ಹಾಗೆ ಅರ್ಥ ಬಿಡಿಸಿ ಹೇಳಿದ ಲೇವಿಯರ ಕುಲದವರೇ ಮುಂದೆ ಪಡಿಯಿಲ್ಲದೆ ಹೊಲಕ್ಕೆ ಮರಳಿದರೆಂಬುದು ಪ್ರಸಂಗ ಹೇಳುವವರೂ ಕೇಳುವವರೂ ನೆನಪಿಡಬೇಕಾದ ಸಂಗತಿ.

ಸಭೆಯಲ್ಲಿ ಕುಳಿತವರಲ್ಲಿ ಬಹುಪಾಲು ಜನ ಯಾವಾಗಲೂ ಆ ಒಂಬತ್ತು ಮಂದಿಯೇ. ಚೀಟು ಅವರಿಗೆ ಬಿದ್ದಿರುವುದಿಲ್ಲ. ಹೋದವರನ್ನು ಹರಸಿ, ಮನೆಗೆ ಹಿಂದಿರುಗಿ, ಮರುದಿನ ಹೊಲಕ್ಕೆ ಹೋಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲವೆಂದು ಈ ಅಧ್ಯಾಯ ಒಪ್ಪುತ್ತದೆ. ಸುಗ್ಗಿ ಮುಗಿದಾಗ ಪಟ್ಟಣದ ದಾರಿಗೆ ಮೂಟೆ ಹೊರಟಿತೇ ಇಲ್ಲವೇ ಎಂಬುದನ್ನಷ್ಟೇ ಹದಿಮೂರನೆಯ ಅಧ್ಯಾಯ ಬಂದು ವಿಚಾರಿಸುತ್ತದೆ.